ಹನ್ನೊಂದೂ ಮುಕ್ಕಾಲರ ಜಗಳ

ಬೆಂಗಳೂರಿನಲ್ಲಿ, ಹಲಸೂರಿನ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಹೆಡ್‌ಮಿಸ್ ಆಗಿದ್ದಷ್ಟು ದಿನವೂ ನನ್ನ ಮೇಜಿನ ಡ್ರಾಯರಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ಮಕ್ಕಳು ಅದಕ್ಕೆ ಇಟ್ಟ ಹೆಸರು ‘ಜಗಳದ ಬುಕ್ಕು’. ಯಾರು ಯಾರಿಗೆ ಹೊಡೆದರು, ಯಾವ ಕ್ಲಾಸು, ಯಾತಕ್ಕೆ ಶುರುವಾಯಿತು, ನಾನೇನು ಮಾಡಿದೆ ಎಂದು ನಾಲ್ಕು ಸಾಲು ಬರೆದಿಡುತ್ತಿದ್ದೆ. ಗಂಟೆಯನ್ನೂ ಬರೆಯುವ ಅಭ್ಯಾಸ ಆಮೇಲೆ ಬಂತು. ಒಂದು ಬೇಸಿಗೆ ರಜೆಯಲ್ಲಿ ಆ ಪುಟಗಳನ್ನು ತಿರುವುತ್ತಾ ಕೂತಾಗ ಕಣ್ಣಿಗೆ ಹೊಡೆದದ್ದು ಆ ಗಂಟೆಯ ಕಾಲಮ್ಮೇ. ಕೆಟ್ಟ ಜಗಳಗಳಲ್ಲಿ ಹೆಚ್ಚಿನವು ಹನ್ನೊಂದೂವರೆಯಿಂದ ಊಟದ ಬೆಲ್ಲಿನ ತನಕದ ಹೊತ್ತಿನಲ್ಲಿ ಆಗಿದ್ದವು.

ಊಟ ಆದಮೇಲಿನವು ಆಟದ ಜಗಳಗಳು. ಔಟೋ ಅಲ್ಲವೋ ಎನ್ನುವಂಥವು, ಬೆಲ್ಲು ಹೊಡೆಯುವಷ್ಟರಲ್ಲಿ ಮರೆತುಹೋಗುವಂಥವು. ಊಟಕ್ಕೆ ಮುಂಚಿನವು ಹಾಗಲ್ಲ. ಅವುಗಳಲ್ಲಿ ಹಲ್ಲು ಕಚ್ಚಿದ ಗುರುತಿರುತ್ತಿತ್ತು, ಹರಿದ ಅಂಗಿ ಇರುತ್ತಿತ್ತು. ಒಂದು ದಿನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ರಬ್ಬರ್ ಕೊಡಲಿಲ್ಲವೆಂದು ಪಕ್ಕದವನ ಅಂಗೈಗೆ ಕೈವಾರ ಚುಚ್ಚಿದ. ಹನ್ನೊಂದೂ ಮುಕ್ಕಾಲು. ಇಬ್ಬರನ್ನೂ ಕರೆತಂದಾಗ ಚುಚ್ಚಿಸಿಕೊಂಡವನು ಅಳುತ್ತಿದ್ದ. ಚುಚ್ಚಿದವನು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ. ಅವನ ತುಟಿ ಒಣಗಿ ಬಿರಿದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಯಾಕೆ ಹೀಗೆ ಮಾಡಿದೆ ಎಂದು ಕೇಳಲು ಬಾಯಿ ತೆರೆದವಳು, ಏನು ತೋಚಿತೋ, ‘ಬೆಳಿಗ್ಗೆ ಏನ್ ತಿಂದ್ಯೋ?’ ಎಂದೆ. ‘ಚಾ’ ಎಂದ. ರಾತ್ರಿ? ‘ಬ್ರೆಡ್ಡು.’

ಶಾಲೆಯಲ್ಲಿ ಬೆಳಿಗ್ಗೆ ಕಾಯಿಸಿ ಕೊಡುವ ಹಾಲನ್ನು ಅವನು ಅಂದು ಕುಡಿದಿರಲಿಲ್ಲ, ತಡವಾಗಿ ಬಂದಿದ್ದ. ತಂಗಿಯನ್ನು ಅಂಗನವಾಡಿಗೆ ಬಿಟ್ಟು, ನೀರು ಹಿಡಿದಿಟ್ಟು ಬರುವಷ್ಟರಲ್ಲಿ ಹಾಲಿನ ಪಾತ್ರೆ ತೊಳೆದಾಗಿತ್ತು.

ಅವನ ತಾಯಿ ಸಂಜೆ ಬಂದಳು. ಯಾದಗಿರಿ ಕಡೆಯವಳು. ಗಂಡ ಕೆ.ಆರ್. ಪುರದಾಚೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಇವಳು ಇಂದಿರಾನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಕೆಲಸ ಹಿಡಿದಿದ್ದಳು. ವಾಸ ಹತ್ತಿರದ ಒಂದು ಶೀಟ್ ಮನೆಯಲ್ಲಿ. ಸೆರಗು ಎಷ್ಟು ಹೊದ್ದರೂ ಮುಚ್ಚದಷ್ಟು ಬಸುರು, ಆರು ತಿಂಗಳಿರಬಹುದು. ಕಣ್ಣಿನ ಕೆಳರೆಪ್ಪೆಯ ಒಳಗೆ ಕೆಂಪೇ ಇರಲಿಲ್ಲ. ಮಗನ ವಿಷಯ ಮಾತಾಡಲು ಕರೆಸಿದವಳು ಅವಳನ್ನೂ ಅದೇ ಪ್ರಶ್ನೆ ಕೇಳಿದೆ.

‘ಎಲ್ಲಿಂದ ತಿನ್ನಬೇಕ್ರಿ ಮೇಡಂ? ಮುಂಜಾನಿ ಐದಕ್ಕ ಏಳ್ತೀನಿ. ಒಂದು ಮನ್ಯಾಗ ಚಾ ಕೊಡ್ತಾರ, ಇನ್ನೊಂದು ಮನ್ಯಾಗ ಚಾ ಬಿಸ್ಕೀಟು. ಮೂರಕ್ಕ ಬಂದು ಅನ್ನಕ್ಕ ಇಡ್ತೀನ್ರಿ.’

ಅಂಗನವಾಡಿಯಲ್ಲಿ ಬಸುರಿಯರಿಗೆ ಊಟ ಇದೆಯಲ್ಲಮ್ಮಾ ಎಂದೆ.

‘ಅದು ಮಧ್ಯಾಹ್ನಕ್ಕರಿ. ನಾ ಮಧ್ಯಾಹ್ನ ಎಲ್ಲಿರ್ತೀನಿ?’

ಈ ಪ್ರಶ್ನೆಗೆ ಉತ್ತರ ಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಅವಳು ಹೇಳಿದ ಊಟ ‘ಮಾತೃಪೂರ್ಣ’ದ್ದು. ನಮ್ಮ ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಇಡೀ ರಾಜ್ಯಕ್ಕೆ ತಂದ ಯೋಜನೆ. ಗರ್ಭಿಣಿಗೂ ಬಾಣಂತಿಗೂ ತಿಂಗಳಲ್ಲಿ 25 ದಿನ ಅಂಗನವಾಡಿಯಲ್ಲಿ ಬಿಸಿಯೂಟ: ಅನ್ನ, ಸೊಪ್ಪು ತರಕಾರಿ ಹಾಕಿದ ಸಾಂಬಾರು, ಬೇಯಿಸಿದ ಮೊಟ್ಟೆ, 200 ಮಿಲಿ ಲೀಟರ್ ಹಾಲು, ಕಡಲೇಬೀಜದ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಊಟದ ಜೊತೆಗೆ ಅಲ್ಲೇ ಕಬ್ಬಿಣಾಂಶದ ಮಾತ್ರೆ. ಯೋಜನೆ ಮಾಡಿದವರು ಒಂದು ಸತ್ಯವನ್ನು ಚೆನ್ನಾಗಿ ಅರಿತಿದ್ದರು. ಬಸುರಿಯ ಕೈಗೆ ಅಕ್ಕಿ, ಬೇಳೆ, ಬೆಲ್ಲ ಕೊಟ್ಟು ಕಳಿಸಿದರೆ ಅದು ಮನೆಮಂದಿಯ ಪಾಲಾಗುತ್ತದೆ. ಮೊದಲು ಗಂಡ, ಆಮೇಲೆ ಮಕ್ಕಳು, ಅತ್ತೆ. ತಳದಲ್ಲಿ ಉಳಿದದ್ದು ಅವಳಿಗೆ. ಅವಳು ಕೂತು, ಅವಳ ತಟ್ಟೆಯಲ್ಲಿ, ಅವಳೇ ಉಣ್ಣಬೇಕು ಎಂಬುದು ಈ ಊಟದ ಹಿಂದಿನ ಯೋಚನೆ. ಆ ಯೋಚನೆಯನ್ನು ನಾನು ಇಂದಿಗೂ ಒಪ್ಪುತ್ತೇನೆ.

ತಪ್ಪಿದ್ದು ಹೊತ್ತು ಮತ್ತು ಜಾಗ. ಜಾರಿಯಾದ ಹೊಸತರಲ್ಲೇ ಮಲೆನಾಡಿನಿಂದ ದೂರು ಬಂತು, ಒಂದು ಊಟಕ್ಕೆ ತುಂಬು ಬಸುರಿ ಗುಡ್ಡ ಹತ್ತಿ ಇಳಿಯಲು ಆಗುವುದಿಲ್ಲವೆಂದು. ಆ ಕಷ್ಟ ಎಲ್ಲರಿಗೂ ಅರ್ಥವಾಯಿತು. ನಮ್ಮ ಜೋಗುಪಾಳ್ಯದ, ಮರ್ಫಿ ಟೌನಿನ, ದೂಪನಹಳ್ಳಿಯ ಬಸುರಿಗೆ ಗುಡ್ಡವಿಲ್ಲ, ಗಡಿಯಾರವಿದೆ. ಊಟದ ಹೊತ್ತಿಗೆ ಅವಳು ಯಾರದೋ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ನೆಲ ಒರೆಸುತ್ತಿರುತ್ತಾಳೆ. ಅಂಗನವಾಡಿ ಟೀಚರ್ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತಾರೆ. ತಪ್ಪು ಟೀಚರದ್ದಲ್ಲ, ಇವಳದ್ದಂತೂ ಮೊದಲೇ ಅಲ್ಲ.

ಈ ಲೆಕ್ಕ ಒಂದು ಮನೆಯದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.4ರಷ್ಟು ಮಂದಿಗೆ ರಕ್ತಹೀನತೆಯಿತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇ 45.7. ಎರಡು ಸಮೀಕ್ಷೆಗಳ ನಡುವೆ ಮಾತೃಪೂರ್ಣ ಬಂದಿತ್ತು, ಆದರೂ ಮುಳ್ಳು ಕದಲಲಿಲ್ಲ. ಅದೇ ಎರಡನೆಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ 65.5ರಷ್ಟು ಮಂದಿ ರಕ್ತಹೀನರು. ಒಂದನೇ ಕ್ಲಾಸಿನ ಬಾಗಿಲಿಗೆ ಬಂದು ನಿಲ್ಲುವವರು ಈ ಮಕ್ಕಳೇ. ಅವರು ಗಮನ ಕೊಡುವುದಿಲ್ಲ, ಕೂತಲ್ಲಿ ಕೂರುವುದಿಲ್ಲ, ಸಣ್ಣದಕ್ಕೂ ಸಿಡುಕುತ್ತಾರೆ ಎಂದು ನಾವು ಟೀಚರುಗಳು ಸ್ಟಾಫ್ ರೂಮಿನಲ್ಲಿ ಗೊಣಗುತ್ತೇವೆ.

ಹೊಟ್ಟೆಯಲ್ಲಿದ್ದಾಗಿನ ಊಟಕ್ಕೂ ಶಾಲೆಯ ಬೆಂಚಿಗೂ ಸಂಬಂಧವಿದೆಯೇ ಎಂದು ಕೇಳುವವರು ಮೈಸೂರಿನ ಕಡೆ ನೋಡಬೇಕು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ದಾಖಲೆಗಳಿದ್ದವು. ಡೇವಿಡ್ ಬಾರ್ಕರ್, ಕ್ಯಾರೋಲಿನ್ ಫಾಲ್ ಮೊದಲಾದ ವಿಜ್ಞಾನಿಗಳು ಆ ದಾಖಲೆಗಳ ಜಾಡು ಹಿಡಿದು, ಹುಟ್ಟಿದಾಗಿನ ಮೈಕಟ್ಟಿಗೂ ನಡುವಯಸ್ಸಿನ ಕಾಯಿಲೆಗಳಿಗೂ ಇರುವ ನಂಟನ್ನು ಹುಡುಕಿದರು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನೇ ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಆ ತಾಯಂದಿರ ಮಕ್ಕಳಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ಒಂಬತ್ತು ಹತ್ತರ ವಯಸ್ಸಿನಲ್ಲಿ ಕೂರಿಸಿ ನೆನಪು, ಕಲಿಕೆ, ಗಮನ ಇವನ್ನೆಲ್ಲ ಪರೀಕ್ಷೆ ಮಾಡಿದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಅಂಶ ಚೆನ್ನಾಗಿದ್ದ ಮಕ್ಕಳು ಪರೀಕ್ಷೆಯಲ್ಲಿ ಮುಂದಿದ್ದರು. 2010ರಲ್ಲಿ ಇದು ಪ್ರಕಟವಾಯಿತು. ತಾಯಿಯ ಬಿ12 ಮಟ್ಟಕ್ಕೂ ಆ ಅಂಕಗಳಿಗೂ ಮಾತ್ರ ಸಂಬಂಧ ಕಾಣಲಿಲ್ಲ. ಫೋಲೇಟ್ ಎಂದರೆ ಏನೋ ದೂರದ ವಸ್ತುವಲ್ಲ. ಹಲಸೂರು ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ ಜೋಡಿಸಿಟ್ಟಿರುವ ದಂಟು, ಮೆಂತ್ಯ, ಪಾಲಕ್. ಮನೆಯ ಡಬ್ಬಿಯ ಹೆಸರುಕಾಳು, ಕಡಲೆಕಾಳು. ಬಸ್ಸಾರು ಮಾಡುವ ಪ್ರತಿ ಮನೆಯಲ್ಲೂ ಅದಿದೆ, ಬಸಿದ ನೀರನ್ನು ಚೆಲ್ಲದೆ ಸಾರಿಗೆ ಹಾಕುವ ಜಾಣತನವೂ ಇದೆ.

ಇನ್ನೂ ದೂರದ ಒಂದು ಉದಾಹರಣೆಯಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಜರ್ಮನ್ ಸೇನೆ ನೆದರ್ಲೆಂಡ್ಸಿನ ಪಶ್ಚಿಮದ ಊರುಗಳಿಗೆ ಆಹಾರ ಬಾರದಂತೆ ಮಾಡಿತು. ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಕ್ಕೆ ಬಿತ್ತು. ಆಗ ಗರ್ಭದಲ್ಲಿದ್ದ ಗಂಡು ಮಕ್ಕಳನ್ನು ಹದಿನೆಂಟು ದಾಟಿದ ಮೇಲೆ ಸೈನ್ಯಕ್ಕಾಗಿ ತಪಾಸಣೆ ಮಾಡಿದ ದಾಖಲೆಗಳಿದ್ದವು. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಸಂಶೋಧನೆ ಹೇಳಿದ್ದು, ಗರ್ಭದ ಮೊದಲ ಆರು ತಿಂಗಳಲ್ಲಿ ತೀವ್ರ ಹಸಿವಿಗೆ ಸಿಕ್ಕವರಲ್ಲಿ ಸಮಾಜವಿರೋಧಿ ವ್ಯಕ್ತಿತ್ವದ ತೊಂದರೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತೆಂದು.

ಇದನ್ನು ಬರೆಯುವಾಗ ನನಗೆ ಅಂಜಿಕೆಯಿದೆ. ನಾಳೆ ಯಾರಾದರೂ ಟೀಚರ್ ಒಬ್ಬ ಹುಡುಗನ ಕಡೆ ಬೆರಳು ತೋರಿಸಿ ‘ಇವನು ಹುಟ್ಟುವಾಗಲೇ ಹೀಗೆ’ ಅಂದುಬಿಟ್ಟರೆ? ದಯವಿಟ್ಟು ಹಾಗೆ ಓದಬೇಡಿ. ಆ ಹಸಿವಿನ ಚಳಿಗಾಲದಲ್ಲಿ ಹುಟ್ಟಿದವರಲ್ಲಿ ಬಹುಪಾಲು ಮಂದಿ ನಮ್ಮ ನಿಮ್ಮಂತೆ ಬಾಳಿದರು. ಗರ್ಭದ ಹಸಿವು ಹಣೆಬರಹವಲ್ಲ. ಹಾಗೆಯೇ ಇದನ್ನು ತಾಯಿಯ ತಲೆಗೆ ಕಟ್ಟುವ ಹೊಸ ಅಪರಾಧವಾಗಿಯೂ ಬಳಸಬೇಡಿ. ಬಸುರಿನಲ್ಲಿ ಸರಿಯಾಗಿ ತಿನ್ನಲಿಲ್ಲ ನೀನು, ಅದಕ್ಕೇ ಮಗ ಹೀಗೆ ಎಂದು ಅತ್ತೆ ಅನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ತಿನ್ನಲು ಇಲ್ಲದವಳಿಗೆ, ತಿನ್ನಲು ಹೊತ್ತೇ ಸಿಗದವಳಿಗೆ ಈ ಮಾತು ಹೇಳುವುದು ಪಾಪ.

ನಾನೂ ಒಂದು ಪಾಪ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆ.ಆರ್. ಪುರದ ಕಡೆಯ ಒಂದು ಶಾಲೆಯಲ್ಲಿ, ಹೊಡೆದಾಡಿದ ಹುಡುಗನನ್ನು ಬಿಸಿಲಿನಲ್ಲಿ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಅವನು ಕುಸಿದು ಬಿದ್ದ. ಹಿಂದಿನ ಮಧ್ಯಾಹ್ನದಿಂದ ಅವನು ಏನೂ ತಿಂದಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನನ್ನ ಕೈ ಕಟ್ಟಿದ್ದು ಆ ಕಾಯ್ದೆಯಲ್ಲ, ನೆಲದ ಮೇಲೆ ಬಿದ್ದ ಆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಹೊತ್ತು.

ಆಮೇಲೆ ಕಲಿತದ್ದು ಕೆಲವಿದೆ. ಮೊದಲನೆಯದು, ಜಗಳವಾದ ಮಕ್ಕಳನ್ನು ಕೂಡಲೇ ವಿಚಾರಣೆ ಮಾಡಬಾರದು. ಬೇರೆ ಬೇರೆ ಕೂರಿಸಿ ನೀರು ಕೊಡಬೇಕು; ನನ್ನ ಡ್ರಾಯರಿನಲ್ಲಿ ಆ ಬುಕ್ಕಿನ ಪಕ್ಕ ಹುರಿಗಡಲೆ ಬೆಲ್ಲದ ಡಬ್ಬಿಯೂ ಬಂತು. ತಪ್ಪು ಮಾಡಿದವನಿಗೆ ಬೆಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಮುಖ ಗಂಟಿಕ್ಕಿದರು. ಹತ್ತು ನಿಮಿಷ ಬಿಟ್ಟು ಅದೇ ಹುಡುಗ ತಾನಾಗಿಯೇ ‘ನಂದೇ ತಪ್ಪು ಮಿಸ್’ ಅಂದದ್ದನ್ನು ಕೇಳಿದ ಮೇಲೆ ಅವರೂ ಒಂದು ಡಬ್ಬಿ ತಂದಿಟ್ಟುಕೊಂಡರು. ಎರಡನೆಯದು, ಮಗು ತನ್ನ ಮಾತಿನಲ್ಲಿ ಹೇಳಲಿ. ನಮ್ಮ ದಂಡು ಪ್ರದೇಶದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ತಮಿಳು, ಉರ್ದು, ತೆಲುಗು, ಯಾದಗಿರಿಯ ಕನ್ನಡ ಕೂತಿರುತ್ತವೆ. ಸಿಟ್ಟು ಬಂದ ಮಗು ಪಠ್ಯಪುಸ್ತಕದ ಕನ್ನಡದಲ್ಲಿ ಸಿಟ್ಟಾಗುವುದಿಲ್ಲ. ಊಟ ಬಡಿಸುವ ಅಮ್ಮನಿಗೆ ಮೂರು ಭಾಷೆ ಬರುತ್ತಿತ್ತು; ಎಷ್ಟೋ ಜಗಳ ಬಿಡಿಸಿದ್ದು ಅವರು. ಮೂರನೆಯದು, ತಾಯಿಯನ್ನು ಕೆಲಸದ ಹೊತ್ತಿನಲ್ಲಿ ಫೋನು ಮಾಡಿ ಕರೆಸಬಾರದು. ಅವಳ ಅರ್ಧ ದಿನದ ಕೂಲಿ ಹೋಗುತ್ತದೆ, ಮನೆಗೆ ಹೋದಮೇಲೆ ಆ ಸಿಟ್ಟು ಮಗುವಿನ ಬೆನ್ನಿನ ಮೇಲೆ ಬೀಳುತ್ತದೆ, ಮಾರನೆ ದಿನ ಅದು ಇನ್ನೊಂದು ಮಗುವಿನ ಬೆನ್ನಿಗೆ ದಾಟುತ್ತದೆ.

ಎಲ್ಲ ಜಗಳಕ್ಕೂ ಹೊಟ್ಟೆಯೇ ಕಾರಣ ಎನ್ನುವಷ್ಟು ದಡ್ಡಳಲ್ಲ ನಾನು. ಜಾತಿ ಹಿಡಿದು ಕರೆದದ್ದು, ಕುಡಿದು ಬಂದ ಅಪ್ಪ, ಹುಡುಗಿಯ ಹಿಂದೆ ಬಿದ್ದ ದೊಡ್ಡ ಕ್ಲಾಸಿನವರು, ಇವೆಲ್ಲ ಬೆಲ್ಲದಿಂದ ಬಗೆಹರಿಯುವಂಥವಲ್ಲ. ಅಂಥದಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬೇಕಾಗಿ ಬಂದದ್ದೂ ಇದೆ. ಆದರೆ ಹಸಿವಿನ ಜಗಳವನ್ನು ನಡತೆಯ ಜಗಳವೆಂದು ಬರೆದುಕೊಂಡರೆ ಮಗುವಿಗೆ ಒಂದು ಹೆಸರು ಅಂಟುತ್ತದೆ. ಆ ಹೆಸರು ಟಿಸಿಗಿಂತ ಮೊದಲು ಮುಂದಿನ ಶಾಲೆಗೆ ಹೋಗಿ ಕೂತಿರುತ್ತದೆ.

ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆಯಿದೆ. ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ದಾನದಿಂದ ಕಟ್ಟಿದ್ದು. ಹತ್ತಿರದಲ್ಲೇ ಬೌರಿಂಗ್ ಆಸ್ಪತ್ರೆ ಇತ್ತು, ಆದರೂ ಇನ್ನೊಂದನ್ನು ಯಾಕೆ ಕಟ್ಟಿದರು? ಘೋಷಾ, ಎಂದರೆ ಪರದೆ, ಪಾಲಿಸುವ ಹೆಂಗಸರು ಗಂಡಸರ ನಡುವೆ ಬಂದು ತೋರಿಸಿಕೊಳ್ಳುವುದಿಲ್ಲ ಎಂದು. ನೀವು ಪದ್ಧತಿ ಬಿಟ್ಟು ಬನ್ನಿ, ಆಮೇಲೆ ಔಷಧಿ ಕೊಡುತ್ತೇವೆ ಎಂದು ಯಾರೂ ಹೇಳಲಿಲ್ಲ. ಹೆಂಗಸು ಹೇಗೆ ಬದುಕುತ್ತಾಳೋ ಅದಕ್ಕೆ ಹೊಂದುವಂತೆ ಬಾಗಿಲು ಇಟ್ಟರು. ಇಂದಿಗೂ ಅಲ್ಲಿ ಎಲ್ಲ ಜಾತಿ ಧರ್ಮದ ಬಸುರಿಯರು ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಹಿಡಿದು ಕೂತಿರುತ್ತಾರೆ. ಇದೇ ದಂಡಿನಲ್ಲಿ, ಬಹಳ ಹಿಂದೆಯೇ, ಆದ ಕೆಲಸ ಇದು. ಇವತ್ತಿನ ಮನೆಗೆಲಸದ ಬಸುರಿಗೆ ಅಂಥ ಒಂದು ಬಾಗಿಲು ಬೇಕು.

ಅದು ಕಷ್ಟವೇನಲ್ಲ. ಮಾತೃಪೂರ್ಣದ ಊಟವನ್ನು ಕೂಲಿ ಮಾಡುವ ಬಸುರಿಯರಿರುವ ಬಡಾವಣೆಗಳಲ್ಲಿ ಬೆಳಿಗ್ಗೆ ಏಳಕ್ಕೆ ಕೊಡಲಿ, ಇಲ್ಲವೇ ಸಂಜೆ ನಾಲ್ಕಕ್ಕೆ. ತಾಯಿ ಕಾರ್ಡ್ ತೋರಿಸಿದವಳಿಗೆ ಯಾವ ಅಂಗನವಾಡಿಯಲ್ಲಾದರೂ ಊಟ ಸಿಗಲಿ. ಶೀಟ್ ಮನೆಯವರು ಕಟ್ಟಡ ಮುಗಿದಂತೆ ಜಾಗ ಬದಲಿಸುತ್ತಾರೆ, ಹೆಸರು ಊರಿನ ಅಂಗನವಾಡಿಯಲ್ಲೇ ಉಳಿದಿರುತ್ತದೆ. ಇನ್ನೊಂದು ಮಾತು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾಯಿತು, ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಡುಗೆಮನೆ, ಗಾಡಿ, ಕೌಂಟರ್ ಎಲ್ಲ ಇದೆ. ಅಲ್ಲಿ ತಾಯಿ ಕಾರ್ಡಿಗೆ ಪುಕ್ಕಟೆ ತಿಂಡಿ, ಒಂದು ಮೊಟ್ಟೆ, ಒಂದು ಲೋಟ ಹಾಲು ಕೊಟ್ಟರೆ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಕೂರಲು ಒಂದು ಸ್ಟೂಲು ಹಾಕಬೇಕು, ಅಷ್ಟೇ. ನಿಂತು ತಿನ್ನುವ ಕಟ್ಟೆ ಎಂಟು ತಿಂಗಳಿನವಳಿಗೆ ಆಗುವುದಿಲ್ಲ.

ಶಾಲೆಯ ಕಡೆಗೆ ಬಂದರೆ, ನಾವು ಬರಿಗೈಯಲ್ಲಿ ಇಲ್ಲ. 2013ರಿಂದ ಕ್ಷೀರಭಾಗ್ಯದ ಹಾಲಿದೆ, 2024ರಿಂದ ರಾಗಿ ಮಾಲ್ಟ್ ಬಂದಿದೆ, ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನಕ್ಕೆ ಏರಿತು. ಇಷ್ಟಾದರೂ ಬೆಳಗಿನ ಹೊಟ್ಟೆ ಖಾಲಿಯೇ. ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಮಧುರೈಯಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿ ಶುರುಮಾಡಿತು. ಹಲಸೂರಿನ ತಮಿಳು ತಾಯಂದಿರು ಅದನ್ನು ನನಗೆ ಹೇಳುತ್ತಿದ್ದರು, ‘ನಮ್ಮ ಅಕ್ಕನ ಮಕ್ಕಳಿಗೆ ಅಲ್ಲಿ ಇಸ್ಕೂಲಲ್ಲೇ ಪೊಂಗಲ್ಲು ಮಿಸ್, ಇಲ್ಲಿ ಯಾಕಿಲ್ಲ’ ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಹಾಲಿಗೆ ತಡವಾಗಿ ಬಂದ ಮಗುವಿಗೆ ಒಂದು ಲೋಟ ಎತ್ತಿಡುವುದಕ್ಕೆ ಮಾತ್ರ ಯಾವ ಆದೇಶವೂ ಬೇಕಿಲ್ಲ. ಆ ಕೈವಾರದ ದಿನದಿಂದ ನಮ್ಮ ಶಾಲೆಯಲ್ಲಿ ಹಾಲಿನ ಪಾತ್ರೆಯನ್ನು ಹನ್ನೊಂದರ ತನಕ ತೊಳೆಯಲಿಲ್ಲ.

ಯಾದಗಿರಿಯ ಆ ತಾಯಿಯ ಕೈಯಲ್ಲಿ ಮಾತ್ರೆಯ ಪಟ್ಟಿಯೂ ಇತ್ತು. ಆಶಾ ಕಾರ್ಯಕರ್ತೆ ಕೊಟ್ಟದ್ದು. ಅರ್ಧ ಹಾಗೇ ಉಳಿದಿತ್ತು. ನುಂಗಿದರೆ ವಾಂತಿ ಬಂದಂಗಾಗುತ್ತದೆ, ಕಕ್ಕಸ್ಸು ಕಪ್ಪಗಾಗುತ್ತದೆ, ಮಗು ಕಪ್ಪಾಗುತ್ತದಂತೆ ಎಂದಳು. ಕಕ್ಕಸ್ಸಷ್ಟೇ ಕಪ್ಪಾಗುವುದು, ಮಗುವಲ್ಲ ಎಂದು ಹೇಳಿದೆ. ಅವಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗುತ್ತಿದ್ದಳು. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ರಾತ್ರಿ ಊಟ ಆದಮೇಲೆ ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಹತ್ತುತ್ತದೆ, ವಾಕರಿಕೆಯೂ ಕಡಿಮೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಪಕ್ಕದ ಅಂಗನವಾಡಿ ಟೀಚರನ್ನು ಕೇಳಿ ತಿಳಿದುಕೊಂಡೆ. ನಮ್ಮ ಶಾಲೆಗೂ ಆ ಅಂಗನವಾಡಿಗೂ ಒಂದೇ ಗೋಡೆ. ಅಷ್ಟು ವರ್ಷ ನಾವಿಬ್ಬರೂ ಒಂದು ದಿನ ಕೂತು ಮಾತಾಡಿರಲಿಲ್ಲ. ಆಮೇಲೆ ನಾನೊಂದು ಅಭ್ಯಾಸ ಇಟ್ಟುಕೊಂಡೆ. ಯಾವ ಮಗು ಮೇಲಿಂದ ಮೇಲೆ ಜಗಳದ ಬುಕ್ಕಿನಲ್ಲಿ ಬರುತ್ತಿತ್ತೋ ಅದರ ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದಾರೆಯೇ ಎಂದು ಆ ಟೀಚರನ್ನು ಕೇಳುತ್ತಿದ್ದೆ. ಇದ್ದರೆ ಆ ಮನೆಗೆ ಇಬ್ಬರೂ ಹೋಗುತ್ತಿದ್ದೆವು.

ಸರ್ಕಾರ ಹೊತ್ತು ಬದಲಿಸುವವರೆಗೆ ಇಂದಿರಾನಗರ, ಡೊಮ್ಲೂರು, ಫ್ರೇಜರ್ ಟೌನಿನ ಮನೆಯೊಡತಿಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವಳು ಬಸುರಿಯಾಗಿದ್ದರೆ ಅವಳಿಗೆ ಬರೀ ಚಹಾ ಬಿಸ್ಕೀಟು ಕೊಟ್ಟು ಕೆಲಸಕ್ಕೆ ಹಚ್ಚಬೇಡಿ. ನಿನ್ನೆ ಉಳಿದದ್ದನ್ನು ಕಟ್ಟಿಕೊಡಬೇಡಿ. ನಿಮ್ಮ ಮನೆಯಲ್ಲಿ ಅಂದು ಮಾಡಿದ ಊಟವನ್ನು, ಸೊಪ್ಪಿನ ಪಲ್ಯವೋ ಕಾಳಿನ ಸಾರೋ, ಅವಳು ತಿನ್ನುವುದಾದರೆ ಒಂದು ಮೊಟ್ಟೆಯನ್ನೂ ಸೇರಿಸಿ, ಕೆಲಸ ಶುರು ಮಾಡುವ ಮೊದಲೇ ಬಡಿಸಿ. ಕುರ್ಚಿಯಲ್ಲಿ ಕೂರಿಸಿ ಬಡಿಸಿ. ಅವಳ ಮಗ ಆ ಹೊತ್ತಿಗೆ ನಮ್ಮ ಶಾಲೆಯ ಬೆಂಚಿನಲ್ಲಿ ಕೂತಿರುತ್ತಾನೆ, ಅವನನ್ನು ಟೀಚರುಗಳು ನೋಡಿಕೊಳ್ಳುತ್ತಾರೆ.